ಒಂದೇ ತಪ್ಪಿಗೆ ಟಿ.ಸಿ. ಕೊಟ್ಟರೆ ಮಕ್ಕಳ ಮೇಲೆ ಮುಂದೆ ಏನು ಪರಿಣಾಮ?

ದಾವಣಗೆರೆಯಲ್ಲಿ ಓದುವ ನಿಮ್ಮ ತಮ್ಮನ ಬ್ಯಾಗಿನಲ್ಲಿ ಮೊಬೈಲ್ ಸಿಕ್ಕಿದ್ದಕ್ಕೆ ಒಂಬತ್ತನೇ ತರಗತಿಯಿಂದಲೇ ಹೊರಹಾಕುತ್ತೇವೆ ಎಂದಿದ್ದಾರೆ, ಇದರಿಂದ ಅವನ ಮುಂದಿನ ಬದುಕಿಗೆ ತೊಂದರೆಯೇ ಎಂದು ಕೇಳಿದ್ದೀರಿ. ಆಗಬಹುದು.

ಒಂದೇ ತಪ್ಪಿಗೆ ಹೊರಹಾಕುವ ಈ ಬಗೆಯ ಶಿಸ್ತು ಬೇರೂರಿದ್ದು ಅಮೆರಿಕದಲ್ಲಿ. ಶಾಲೆಗೆ ಬಂದೂಕು ತಂದವರನ್ನು ಒಂದು ವರ್ಷ ಹೊರಗಿಡಬೇಕೆಂದ 1994ರ ಕಾಯ್ದೆಯ ನಂತರ ಅದು ಬರಬರುತ್ತಾ ಎದುರುತ್ತರಕ್ಕೂ ಹಬ್ಬಿತು. ಅಲ್ಲಿನ ಮನೋವಿಜ್ಞಾನ ಸಂಘದ ಕಾರ್ಯಪಡೆ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇದರಿಂದ ಶಾಲೆಗಳು ಸುರಕ್ಷಿತವಾದವು ಎನ್ನಲು ಆಧಾರವಿಲ್ಲ. ಅಮಾನತಾದವರು ಮತ್ತೆ ಅಮಾನತಾಗುವುದು, ಓದು ಬಿಡುವುದೇ ಹೆಚ್ಚು. (ಮೊದಲೇ ಕಷ್ಟದಲ್ಲಿದ್ದ ಮಕ್ಕಳೇ ಹೆಚ್ಚು ಸಿಕ್ಕಿಬೀಳುತ್ತಾರೆ, ಹಾಗಾಗಿ ಎಲ್ಲವನ್ನೂ ಶಿಕ್ಷೆಯ ತಲೆಗೆ ಕಟ್ಟಲಾಗದು.)

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಎಂಟನೇ ತರಗತಿ ಮುಗಿಯುವವರೆಗೆ ಹೊರಹಾಕುವುದನ್ನು ತಡೆಯುತ್ತದೆ. ಒಂಬತ್ತಕ್ಕೆ ಕಾಲಿಟ್ಟವರಿಗೆ ಆ ರಕ್ಷಣೆ ಇಲ್ಲ, ಎಡವುವ ವಯಸ್ಸು ಮಾತ್ರ ಅದೇ! ವರ್ಷದ ನಡುವೆ ಟಿ.ಸಿ. ಹಿಡಿದು ಬಂದವನನ್ನು ಬೇರೆ ಶಾಲೆಯವರು ಅನುಮಾನದಿಂದಲೇ ನೋಡುತ್ತಾರೆ. ಸೀಟು ಸಿಗುವವರೆಗೆಂದು ಗ್ಯಾರೇಜಿಗೋ ಮಂಡಕ್ಕಿ ಭಟ್ಟಿಗೋ ಹೋದ ಹುಡುಗನ ಕೈಗೆ ದಿನಗೂಲಿ ಬಿದ್ದ ಮೇಲೆ ಎಸ್ಸೆಸ್ಸೆಲ್ಸಿ ದೂರವೇ ಉಳಿಯುತ್ತದೆ.

ಮೊಬೈಲನ್ನು ಪರೀಕ್ಷೆ ಮುಗಿಯುವವರೆಗೆ ಮುಖ್ಯ ಶಿಕ್ಷಕರ ಬೀರುವಿನಲ್ಲಿಡಲು ಒಪ್ಪಿ, ತಂದೆಯವರಿಂದ ಪತ್ರ ಬರೆಸಿಕೊಡಿ. ಆಗಲೂ ಜಗ್ಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಿ.