ಪ್ರೊಪೆಲ್ಲರ್ ವಿಮಾನವನ್ನು ತಪ್ಪಿಸಲೆಂದು ಬೆಂಗಳೂರಿಗೆ ಹೋಗಬೇಡಿ

ಮೈಸೂರಿನಿಂದ ಹೈದರಾಬಾದ್ ಮೂಲಕ ದೆಹಲಿಗೆ ಹೋಗುವ ಟಿಕೆಟ್ಟಿನಲ್ಲಿ ಮೊದಲ ವಿಮಾನ ಎಟಿಆರ್, ಅಂದರೆ ಪ್ರೊಪೆಲ್ಲರಿನ ಸಣ್ಣ ವಿಮಾನ, ಎಂದಿದೆ, ತಂದೆಯವರಿಗೆ ಪ್ರೊಪೆಲ್ಲರ್ ಎಂದರೆ ಭಯ, ಹಾಗಾಗಿ ರಾತ್ರಿಯೇ ರಸ್ತೆಯಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಜೆಟ್ ಹಿಡಿಯುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ನನ್ನ ತಾಯಿ ಆಡಿದ ಮಾತೂ ಇದೇ ಆಗಿತ್ತು: "ಆ ಫ್ಯಾನಿನ ವಿಮಾನ ಬ್ಯಾಡಪಾ, ದೊಡ್ಡದ್ರಾಗ ಕರಕೊಂಡು ಹೋಗು." ಚಿಕ್ಕಂದಿನಿಂದ ವಿಮಾನಗಳ ಹುಚ್ಚು ಹಿಡಿಸಿಕೊಂಡವನು ನಾನು. ಎಟಿಆರ್ ಏನೆಂದು ತಿಳಿಸಿ ಅವರ ಭಯ ಕಳೆಯಬೇಕಾಗಿದ್ದವನೇ ಮರುಮಾತಿಲ್ಲದೆ ಒಪ್ಪಿಕೊಂಡೆ, ಏಕೆಂದರೆ ಎರಡು ನಡುದಾರಿಗಳಿರುವ ದೊಡ್ಡ ವಿಮಾನದಲ್ಲಿ ದೆಹಲಿಗೆ ಹೋಗಬೇಕೆಂಬ ಆಸೆ ನನಗೇ ಇತ್ತು.

ದೆಹಲಿಯಲ್ಲಿ ಸೋದರಮಾವನ ಅರವತ್ತರ ಶಾಂತಿ. ತಾಯಿಗೆ ಇರುವುದು ಅವರೊಬ್ಬರೇ ತಮ್ಮ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎಟಿಆರ್, ಅಲ್ಲಿಂದ ದೆಹಲಿಗೆ ಜೆಟ್, ಎರಡೂ ಒಂದೇ ಕಂಪನಿಯವು, ಎರಡೂ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತಿದ್ದವು. ಅದನ್ನು ಬಿಟ್ಟು ಒಂದು ಕಂಪನಿಯ ಬೆಳಗಿನ ಜೆಟ್ಟಿನಲ್ಲಿ ಬೆಂಗಳೂರಿಗೂ, ಬೇರೊಂದು ಕಂಪನಿಯ ದೊಡ್ಡ ವಿಮಾನದಲ್ಲಿ ದೆಹಲಿಗೂ ಪ್ರತ್ಯೇಕ ಟಿಕೆಟ್ ತೆಗೆದುಕೊಂಡೆ. ನಡುವೆ ಎರಡೂವರೆ ಗಂಟೆಯ ಬಿಡುವಿದ್ದುದರಿಂದ ಅದು ಧಾರಾಳವಾಯಿತೆಂದೇ ಭಾವಿಸಿದ್ದೆ.

ಡಿಸೆಂಬರ್ ತಿಂಗಳಿನಲ್ಲಿ ದೇವನಹಳ್ಳಿಯ ಕಡೆ ಬೆಳಗಿನ ಹೊತ್ತು ದಟ್ಟವಾದ ಮಂಜು ಇಳಿಯುತ್ತದೆ ಎಂಬುದು ವಿಮಾನಗಳನ್ನು ಬಲ್ಲ ಯಾರಿಗೂ ಹೊಸದಲ್ಲ. ಅಂದು ಬೆಂಗಳೂರಿನಲ್ಲಿ ಮಂಜು ತಿಳಿಯಾಗುವವರೆಗೆ ನಮ್ಮನ್ನು ಹುಬ್ಬಳ್ಳಿಯಲ್ಲೇ ನಿಲ್ಲಿಸಿದರು. ಇಳಿದ ಮೇಲೆ ಬೆಲ್ಟಿನ ಬಳಿ ಬ್ಯಾಗಿಗಾಗಿ ಕಾಯಬೇಕಾಯಿತು. ಮುಂದಿನ ವಿಮಾನ ಹೊರಡುವುದು ಎರಡನೇ ಟರ್ಮಿನಲ್‌ನಿಂದ, ನಾವು ಇಳಿದದ್ದು ಒಂದನೆಯದರಲ್ಲಿ, ಆದ್ದರಿಂದ ಹೊರಗೆ ಬಂದು ಬಸ್ಸು ಹತ್ತಿ, ಮತ್ತೆ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಒಳಹೋಗುವಷ್ಟರಲ್ಲಿ ಬ್ಯಾಗು ತೆಗೆದುಕೊಳ್ಳುವ ಕೌಂಟರ್ ಮುಚ್ಚಿತ್ತು. ದೇಶದೊಳಗಿನ ವಿಮಾನಗಳಿಗೆ ಹೊರಡುವ ಸಮಯಕ್ಕೆ 60 ನಿಮಿಷ ಮೊದಲೇ ಕೌಂಟರ್ ಮುಚ್ಚುತ್ತದೆ. ಬೋರ್ಡಿಂಗ್ ಪಾಸ್ ಫೋನಿನಲ್ಲಿದ್ದರೂ ಕೊಡಬೇಕಾದ ಬ್ಯಾಗು ಕೈಯಲ್ಲಿದ್ದರೆ ಆ ಪಾಸಿನಿಂದ ಪ್ರಯೋಜನವಿಲ್ಲ.

ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ನನಗೆ ನಷ್ಟವಾದದ್ದು ಮಂಜಿನಿಂದಲ್ಲ, ಟಿಕೆಟ್ ತೆಗೆದುಕೊಂಡ ರೀತಿಯಿಂದ. ಎರಡು ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿದ್ದರೆ, ನಿಮ್ಮನ್ನು ಕೊನೆಯ ಊರಿಗೆ ಮುಟ್ಟಿಸುವುದು ಕಂಪನಿಯ ಹೊಣೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅವರದೇ ಮುಂದಿನ ವಿಮಾನದಲ್ಲಿ ಜಾಗ ಕೊಡುತ್ತಾರೆ. ಬ್ಯಾಗು ಕೂಡ ಹೊರಟ ಊರಿನಿಂದಲೇ ಕೊನೆಯ ಊರಿಗೆ ಗುರುತುಪಟ್ಟಿ ಹಚ್ಚಿಸಿಕೊಂಡು ಹೋಗುತ್ತದೆ, ನಡುವೆ ಬೆಲ್ಟಿನ ಬಳಿ ನಿಲ್ಲುವ ಪ್ರಶ್ನೆಯೇ ಇಲ್ಲ. ಪಿಎನ್‌ಆರ್ ಎರಡಾದರೆ ಇದಾವುದೂ ಇರುವುದಿಲ್ಲ. ಮೊದಲ ಕಂಪನಿಯ ಲೆಕ್ಕದಲ್ಲಿ ನಾನು ಬೆಂಗಳೂರಿಗೆ ಟಿಕೆಟ್ ಕೊಂಡಿದ್ದವನು, ತಡವಾಗಿಯಾದರೂ ಬೆಂಗಳೂರು ಮುಟ್ಟಿಸಿದ್ದರು, ತಡವಾದದ್ದು ಹವಾಮಾನದಿಂದಾದ್ದರಿಂದ ಪರಿಹಾರವೂ ಇಲ್ಲ. ಎರಡನೇ ಕಂಪನಿಯ ಲೆಕ್ಕದಲ್ಲಿ ನಾನು ಸಮಯಕ್ಕೆ ಬಾರದ ಪ್ರಯಾಣಿಕ. ನಾನು ಹುಬ್ಬಳ್ಳಿಯಿಂದ ಬರುತ್ತಿದ್ದೆನೋ ಹೆಬ್ಬಾಳದಿಂದ ಬರುತ್ತಿದ್ದೆನೋ ಅವರಿಗೆ ಸಂಬಂಧವಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಮೂಲ ದರ ಹೋಯಿತು, ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ಮಾತ್ರ ಹಿಂದಿರುಗಿತು. ಹೋಗುವಾಗ ಹಾಜರಾಗದಿದ್ದುದರಿಂದ ಅದೇ ಟಿಕೆಟ್ಟಿನಲ್ಲಿದ್ದ ಮರುಪ್ರಯಾಣವೂ ರದ್ದಾಯಿತು. ಎಲ್ಲ ಕಂಪನಿಗಳಲ್ಲೂ ಹೀಗಾಗುವುದಿಲ್ಲ, ಆದರೆ ಟಿಕೆಟ್ಟಿನ ಷರತ್ತುಗಳಲ್ಲಿ ಈ ಒಂದು ಸಾಲನ್ನು ಮೊದಲೇ ಓದಿಕೊಳ್ಳುವುದು ಕ್ಷೇಮ.

ಅಂದು ಉಳಿದಿದ್ದ ಸೀಟುಗಳ ದರ ಕೈಗೆಟುಕುವಂತಿರಲಿಲ್ಲ. ಮರುದಿನದ ವಿಮಾನಕ್ಕೆ ಹೊಸ ಟಿಕೆಟ್ ಕೊಂಡು, ರಾತ್ರಿ ಬೆಂಗಳೂರಿನಲ್ಲೇ ಉಳಿದು ದೆಹಲಿ ತಲುಪುವ ಹೊತ್ತಿಗೆ ಪೂರ್ಣಾಹುತಿ ಮುಗಿದು, ಬಂದವರ ಊಟವೂ ಆಗಿ, ಶಾಮಿಯಾನ ಬಿಚ್ಚುತ್ತಿದ್ದರು. ಹಾರಾಟ ತಪ್ಪಿದ ದಿನ ಟರ್ಮಿನಲ್ಲಿನ ಕುರ್ಚಿಯಲ್ಲಿ ತಾಯಿ ತಮ್ಮನಿಗೆಂದು ತಂದ ಧಾರವಾಡ ಪೇಢೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನನಗೆ ಒಂದು ಮಾತನ್ನೂ ಅನ್ನಲಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಬುಡದಲ್ಲಿರುವ ಊಹೆಯನ್ನು ನಾನು ಒಪ್ಪುವುದಿಲ್ಲ. ಪ್ರೊಪೆಲ್ಲರ್ ಕಂಡರೆ ಅದು ಹಳೆಯ ಕಾಲದ ವಿಮಾನ, ಜೆಟ್ ಎಂದರೆ ಹೊಸದು, ಹೊಸದೆಂದರೆ ಸುರಕ್ಷಿತ ಎಂದುಕೊಂಡಿದ್ದೀರಿ. ಎಟಿಆರ್ 72 ಮೊದಲು ಹಾರಿದ್ದು 1988ರಲ್ಲಿ. ಜೆಟ್ ಆದ ಏರ್‌ಬಸ್ ಎ320 ಅದಕ್ಕಿಂತ ಒಂದು ವರ್ಷ ಮೊದಲೇ, 1987ರಲ್ಲಿ ಹಾರಿತ್ತು. ಎರಡೂ ಆಮೇಲೆ ಹೊಸ ಎಂಜಿನ್ ಪಡೆದು ಬೆಳೆದಿವೆ. ಎಟಿಆರ್‌ನ ರೆಕ್ಕೆಗೆ ತೂಗುಬಿದ್ದಿರುವ ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾ ಕಂಪನಿಯ ಎಂಜಿನ್ನಿನ ಒಳಗಿರುವುದು ಜೆಟ್ಟಿನಲ್ಲಿರುವಂಥದೇ ಗ್ಯಾಸ್ ಟರ್ಬೈನ್. ಜೆಟ್ ಎಂಜಿನ್ ಕಡಿಮೆ ಗಾಳಿಯನ್ನು ಹೆಚ್ಚು ವೇಗದಲ್ಲಿ ಹಿಂದಕ್ಕೆ ತಳ್ಳುತ್ತದೆ. ಇಲ್ಲಿ ಅದೇ ಟರ್ಬೈನ್ ಆರು ಅಲಗುಗಳ, ಸುಮಾರು ನಾಲ್ಕು ಮೀಟರ್ ಅಗಲದ ಪ್ರೊಪೆಲ್ಲರ್ ತಿರುಗಿಸಿ ಬಹಳಷ್ಟು ಗಾಳಿಯನ್ನು ಮೆಲ್ಲಗೆ ತಳ್ಳುತ್ತದೆ. ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದ ಸಣ್ಣ ಪ್ರಯಾಣಕ್ಕೆ ಎರಡನೆಯ ವಿಧಾನವೇ ಮಿತವ್ಯಯದ್ದು. ಜೆಟ್ ವೇಗವಾಗಿ ಹೋಗುತ್ತದೆ ನಿಜ, ಆದರೆ ಇಂಥ ಕಡಿಮೆ ದೂರದಲ್ಲಿ ಅದು ಎತ್ತರಕ್ಕೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಸಮಯ ಬಂದಿರುತ್ತದೆ.

ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ರನ್‌ವೇ ಉದ್ದ 1,740 ಮೀಟರ್. ಪೂರ್ತಿ ಭಾರ ಹೊತ್ತ ಎ320 ಏರುವುದಕ್ಕೆ 2,000 ಮೀಟರಿಗೂ ಹೆಚ್ಚು ಬೇಕು, ಮೈಸೂರಿನಂಥ ಎತ್ತರದ ಊರಿನಲ್ಲಿ, ಬಿಸಿಲಿನ ದಿನಗಳಲ್ಲಿ ಇನ್ನೂ ಹೆಚ್ಚು. ಎಂದರೆ ಎಟಿಆರ್ ಬೇಡವೆನ್ನುವವರು ಇವತ್ತಿನ ಮಟ್ಟಿಗೆ ಮೈಸೂರಿಗೆ ನಿಯಮಿತ ವಿಮಾನವೇ ಬೇಡವೆಂದಂತೆ. 80ಕ್ಕಿಂತ ಕಡಿಮೆ ಆಸನಗಳ ವಿಮಾನಗಳಿಗೆ ನಮ್ಮ ದೇಶದಲ್ಲಿ ಲ್ಯಾಂಡಿಂಗ್ ಶುಲ್ಕದ ವಿನಾಯಿತಿಯೂ ಇದೆ. ಎಟಿಆರ್ 72ರಲ್ಲಿ ಹೆಚ್ಚೆಂದರೆ 78 ಆಸನ. ಸಣ್ಣ ಊರುಗಳಿಗೆ ವಿಮಾನ ಬರುವುದು ಇಂಥ ಲೆಕ್ಕಾಚಾರಗಳು ಕೂಡಿ ಬಂದಾಗ. ಸಣ್ಣ ಊರುಗಳನ್ನು ವಿಮಾನದಿಂದ ಬೆಸೆಯುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೊದಲ ಹಾರಾಟ, 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದೆಹಲಿಗೆ ಹೋದದ್ದು, ಎಟಿಆರ್ ಕುಟುಂಬದ್ದೇ ವಿಮಾನದಲ್ಲಿ.

ಅಪಘಾತಗಳ ಮಾತನ್ನು ಮುಚ್ಚಿಡುವುದಿಲ್ಲ, ತಂದೆಯವರ ಭಯದ ಮೂಲ ಅದೇ ಇರಬಹುದು. 2023ರ ಜನವರಿಯಲ್ಲಿ ನೇಪಾಳದ ಪೋಖರಾದಲ್ಲಿ ಎಟಿಆರ್ 72 ಬಿದ್ದು ಅದರಲ್ಲಿದ್ದ 72 ಮಂದಿಯೂ ತೀರಿಕೊಂಡರು. ಇಳಿಯುವಾಗ ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು ಇಳಿಸುವ ಫ್ಲಾಪ್ ಹಿಡಿಕೆಯ ಬದಲು ಎರಡೂ ಪ್ರೊಪೆಲ್ಲರ್‌ಗಳ ಎಳೆತ ಕಳೆಯುವ ಹಿಡಿಕೆಗಳನ್ನು ಎಳೆದದ್ದು ಕಾರಣವೆಂದು ತನಿಖೆ ಹೇಳಿತು. 1994ರಲ್ಲಿ ಅಮೆರಿಕದ ರೋಸ್‌ಲಾನ್ ಬಳಿ ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿ 68 ಜನ ಸತ್ತ ಮೇಲೆ, ಆ ಗಡ್ಡೆಯನ್ನು ಒಡೆದು ಉದುರಿಸುವ ರಬ್ಬರ್ ಪಟ್ಟಿಗಳನ್ನು ಅಗಲ ಮಾಡಿದರು. ಆದರೆ 2010ರ ಮೇ ತಿಂಗಳಲ್ಲಿ ಮಂಗಳೂರಿನ ಬಜಪೆಯಲ್ಲಿ 158 ಜನರನ್ನು ಕಳೆದುಕೊಂಡದ್ದು ಜೆಟ್ ವಿಮಾನದಲ್ಲಿ, ಬೋಯಿಂಗ್ 737-800ರಲ್ಲಿ. ಈ ಪಟ್ಟಿಯನ್ನು ಹಿಡಿದು ಕುಳಿತರೆ ಕಣ್ಣಿಗೆ ಬೀಳುವುದು ಹವಾಮಾನ, ತರಬೇತಿ, ಇಳಿಯುವಾಗಿನ ನಿರ್ಧಾರಗಳು. ಹೊರಗೆ ತಿರುಗುವ ಅಲಗು ಇದೆಯೋ ಇಲ್ಲವೋ ಎಂಬುದರಿಂದ ಒಂದು ವಿಮಾನ ಅಪಾಯಕಾರಿಯಾಗುವುದಿಲ್ಲ. ತಂದೆಯವರನ್ನು ನಡುರಾತ್ರಿ ನಿದ್ದೆಗೆಡಿಸಿ ಹೆದ್ದಾರಿಯಲ್ಲಿ ದೇವನಹಳ್ಳಿಯವರೆಗೆ ಕರೆದೊಯ್ಯುವ ಪ್ರಯಾಣವೇ ನಿಮ್ಮ ಇಡೀ ಯೋಜನೆಯಲ್ಲಿ ಹೆಚ್ಚು ಅಪಾಯದ ಭಾಗವೆಂದು ನಾನು ದೃಢವಾಗಿ ನಂಬುತ್ತೇನೆ.

ನನ್ನ ತಾಯಿಯ ಭಯವೂ ವಾದದಿಂದ ಹೋಗಲಿಲ್ಲ. ಆಮೇಲೊಮ್ಮೆ ಎಟಿಆರ್ ಹತ್ತುವಾಗ ಅವರೇ ಒಂದು ವಿಚಿತ್ರವನ್ನು ಗಮನಿಸಿದರು: ಬಲಗಡೆಯ ಎಂಜಿನ್ ಸದ್ದು ಮಾಡುತ್ತಿತ್ತು, ಆದರೆ ಅದರ ಪ್ರೊಪೆಲ್ಲರ್ ಅಲುಗದೆ ನಿಂತಿತ್ತು. ಕೆಟ್ಟಿದೆಯೇ ಎಂದು ಕೇಳಿದರು. ದೊಡ್ಡ ಜೆಟ್ಟುಗಳ ಬಾಲದಲ್ಲಿ ನೆಲದ ಮೇಲಿರುವಾಗ ವಿದ್ಯುತ್ತನ್ನೂ ತಂಪು ಗಾಳಿಯನ್ನೂ ಒದಗಿಸುವ ಪುಟ್ಟ ಎಂಜಿನ್ ಬೇರೆಯೇ ಇರುತ್ತದೆ. ಎಟಿಆರ್‌ನಲ್ಲಿ ಅದಿಲ್ಲ. ಬಲ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ ಟರ್ಬೈನನ್ನು ಮಾತ್ರ ಓಡಿಸುತ್ತಾರೆ, ಅದನ್ನು ಹೋಟೆಲ್ ಮೋಡ್ ಎನ್ನುತ್ತಾರೆ. ಪ್ರಯಾಣಿಕರು ಹತ್ತುವ ಬಾಗಿಲು ಎಡಗಡೆ ಹಿಂದಿದೆ, ಹಾಗಾಗಿ ಓಡುವ ಎಂಜಿನ್ ಅವರಿಂದ ದೂರವೇ ಇರುತ್ತದೆ. ಇದನ್ನು ಹೇಳಿದಾಗ ಅವರು ಅಡುಗೆಮನೆಯ ಮಿಕ್ಸರ್ ಕೆಲಸ ಅರ್ಥ ಮಾಡಿಕೊಂಡಷ್ಟೇ ಸಹಜವಾಗಿ ತಲೆಯಾಡಿಸಿ ಮೆಟ್ಟಿಲು ಹತ್ತಿದರು. ರೆಕ್ಕೆ ಮೇಲಿರುವುದರಿಂದ ಕಿಟಕಿಯಲ್ಲಿ ನೆಲ ಪೂರ್ತಿ ಕಾಣುತ್ತದೆ. ದಾರಿಯುದ್ದಕ್ಕೂ ಕೆರೆಗಳನ್ನು ತೋರಿಸುತ್ತಾ ಬಂದರು.

ನಿಮ್ಮ ತಂದೆಯವರಿಗೂ ಮನೆಯಲ್ಲೇ ಇದನ್ನು ವಿವರಿಸಿ. ಅಲುಗಾಟ ಜೆಟ್ಟಿಗಿಂತ ತುಸು ಹೆಚ್ಚು ಅನ್ನಿಸಬಹುದೆಂದೂ ಮೊದಲೇ ಹೇಳಿಬಿಡಿ, ಏಕೆಂದರೆ ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವುದಿಲ್ಲ, ಮೋಡಗಳ ನಡುವೆಯೇ ಹೆಚ್ಚು ಹೊತ್ತು ಇರುತ್ತದೆ. ಬೇಸಿಗೆಯಲ್ಲಿ ಹೋಗುವುದಾದರೆ ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ಮೊದಲಿನ ಹಾರಾಟ ಸಿಗುತ್ತದೆಯೇ ನೋಡಿ. ಪ್ರೊಪೆಲ್ಲರ್‌ಗಳು ಮುಂದಿನ ಸಾಲುಗಳ ಪಕ್ಕಕ್ಕೆ ಬರುವುದರಿಂದ ಅಲ್ಲಿ ಸದ್ದು ಜಾಸ್ತಿ. ಹಿಂದಿನ ಸಾಲು ತೆಗೆದುಕೊಂಡರೆ ಸದ್ದೂ ಕಡಿಮೆ, ಬಾಗಿಲೂ ಹತ್ತಿರ. ಟಿಕೆಟ್ ಮಾತ್ರ ದೆಹಲಿಯವರೆಗೆ ಒಂದೇ ಪಿಎನ್‌ಆರ್‌ನಲ್ಲಿರಲಿ. ನೂರಾರು ರೂಪಾಯಿ ಉಳಿಯುತ್ತದೆಂದು ಯಾವ ಆ್ಯಪ್ ಎರಡು ಟಿಕೆಟ್ ಜೋಡಿಸಿ ತೋರಿಸಿದರೂ ಒಪ್ಪಬೇಡಿ. ಮಂಡಕಳ್ಳಿಯ ಕೌಂಟರಿನಲ್ಲಿ ಬ್ಯಾಗಿಗೆ ಹಚ್ಚುವ ಚೀಟಿಯಲ್ಲಿ ಕೊನೆಯ ಊರು ದೆಹಲಿ ಎಂದೇ ಇದೆಯೇ ಓದಿ ನೋಡಿ. ಹೈದರಾಬಾದ್ ಎಂದಿದ್ದರೆ ಅಲ್ಲೇ ನಿಂತು ಸರಿಪಡಿಸಿಕೊಳ್ಳಿ.