ಕ್ಯೋಟೋ ನಗರದ ಮಧ್ಯದ ರಿಯೋಕಾನ್‌ನಲ್ಲಿ ವಯಸ್ಸಾದ ಅಪ್ಪ-ಅಮ್ಮನ ಜೊತೆ ಉಳಿಯಬಹುದಾ? ನಾವು ಸಸ್ಯಾಹಾರಿಗಳು

ಖಂಡಿತ ಉಳಿಯಬಹುದು. ರಿಯೋಕಾನ್ ಅಂದರೆ ಜಪಾನಿನ ಹಳೇ ಪದ್ಧತಿಯ ವಸತಿಗೃಹ. ಅಲ್ಲಿ ಉಳಿಯಲು ಬೆಟ್ಟದ ಮೇಲಿನ ಬಿಸಿನೀರ ಬುಗ್ಗೆಯ ಊರಿಗೇ ಹೋಗಬೇಕಾ, ನಗರದ ಮಧ್ಯದಲ್ಲಿ ಉಳಿದರೆ ಅರ್ಧ ಅನುಭವ ಅಷ್ಟೇನಾ ಎಂದು ಕೇಳಿದ್ದೀರಿ. ಮೀನು ಮುಟ್ಟದವರಿಗೆ ಅಲ್ಲಿ ಊಟ ಸಿಗುತ್ತಾ ಅಂತಲೂ ಕೇಳಿದ್ದೀರಿ. ನಮ್ಮಂಥ ಸಸ್ಯಾಹಾರಿಗಳಿಗೆ ಬೆಟ್ಟದ ಊರಿಗಿಂತ ನಗರದ ರಿಯೋಕಾನೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ನಾನು ಓಸಾಕಾದಲ್ಲಿ ಕೆಲಸದಲ್ಲಿದ್ದಾಗ ಅಪ್ಪ-ಅಮ್ಮ ಬಂದಿದ್ದರು. ಅವರನ್ನು ಕರೆದುಕೊಂಡು ಹೋಗಿದ್ದೂ ಕ್ಯೋಟೋದ ಒಂದು ಸಣ್ಣ ರಿಯೋಕಾನ್‌ಗೇ.

ಮುಖ್ಯ ಕಾರಣ ಊಟ. ರಿಯೋಕಾನ್‌ನಲ್ಲಿ ಬಾಡಿಗೆಯನ್ನು ಸಾಮಾನ್ಯವಾಗಿ ರೂಮಿಗಲ್ಲ, ತಲೆಗೆ ಲೆಕ್ಕ ಹಾಕುತ್ತಾರೆ. ರಾತ್ರಿಯೂಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತದೆ. ರಾತ್ರಿಯೂಟ ಎಂದರೆ ಕೈಸೆಕಿ, ಆ ಋತುವಿನ ಪದಾರ್ಥಗಳಿಂದ ಮಾಡಿದ ಚಿಕ್ಕ ಚಿಕ್ಕ ತಿನಿಸುಗಳು ಒಂದಾದ ಮೇಲೊಂದು ಬರುತ್ತವೆ. ತೊಂದರೆ ಇರುವುದು ದಾಶಿಯಲ್ಲಿ. ಒಣಗಿಸಿ ಹೊಗೆ ಹಾಕಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದು, ಅದರಿಂದ ಇಳಿಸಿದ ರಸ ಅದು. ತರಕಾರಿ ಬೇಯಿಸುವುದು ಅದರಲ್ಲೇ, ಮಿಸೊ (ಹುದುಗಿಸಿದ ಸೋಯಾ) ಸೂಪಿಗೂ ಅದೇ. ನೀವು ಸುಮ್ನೆ 'ಮೀನು ಬೇಡ' ಅಂದರೆ ಬಟ್ಟಲಿನಿಂದ ಮೀನಿನ ತುಂಡು ಮಾಯವಾಗುತ್ತದೆ, ರಸ ಹಾಗೇ ಇರುತ್ತದೆ. ಅವರು ಮೋಸ ಮಾಡುತ್ತಿಲ್ಲ. ಅವರ ಲೆಕ್ಕದಲ್ಲಿ ದಾಶಿ ಮೀನಲ್ಲ.

ಬೆಟ್ಟದ ಸಣ್ಣ ಊರಿನಲ್ಲಿ ಸಂಜೆಯಾದರೆ ಹೊರಗೆ ತಿನ್ನಲು ಏನೂ ಸಿಗದೇ ಹೋಗಬಹುದು. ಕ್ಯೋಟೋದಲ್ಲಿ ಆ ಭಯ ಇಲ್ಲ. 'ಸುದೊಮಾರಿ' ಎಂದು ಕೇಳಿ, ಅಂದರೆ ಊಟ ಇಲ್ಲದೆ ಬರೀ ವಾಸ್ತವ್ಯ. ಬಾಡಿಗೆಯೂ ಎಷ್ಟೋ ಇಳಿಯುತ್ತದೆ. ನಗರದ ಮಧ್ಯಭಾಗದಲ್ಲಿ ಇಂಡಿಯನ್ ಹೋಟೆಲುಗಳಿವೆ, ರಾತ್ರಿ ಅಲ್ಲಿ ಉಂಡು ಬನ್ನಿ.

ಜಪಾನಿನ ಊಟ ಬೇಕೇ ಬೇಕು ಅಂದರೆ ಮಧ್ಯಾಹ್ನ ಶೋಜಿನ್ ರ್ಯೋರಿ ಊಟ ಮಾಡಿ. ಇದು ಬೌದ್ಧ ಮಠಗಳ ಅಡುಗೆ. ಮೀನು, ಮಾಂಸ ಇಲ್ಲ. ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ದಾಶಿಯನ್ನು ಕೊಂಬು ಎಂಬ ಕಡಲ ಪಾಚಿ ಮತ್ತು ಒಣ ಅಣಬೆಯಿಂದ ಇಳಿಸುತ್ತಾರೆ. ಕ್ಯೋಟೋದ ಅಂಚಿನ ಅರಾಶಿಯಾಮಾದಲ್ಲಿ ತೆನ್ರ್ಯೂಜಿ ದೇವಸ್ಥಾನದ ಆವರಣದಲ್ಲೇ 'ಶಿಗೆತ್ಸು' ಅನ್ನುವ ಊಟದ ಮನೆ ಇದೆ, ಮೊದಲೇ ಬುಕ್ ಮಾಡಿಕೊಳ್ಳಿ. ಶೋಜಿನ್ ಊಟದಲ್ಲಿ ಗೋಮಾದೋಫು ಬಂದರೆ ಬಿಡಬೇಡಿ. ಎಳ್ಳನ್ನು ನುಣ್ಣಗೆ ರುಬ್ಬಿ, ಕುಜು ಅನ್ನುವ ಗೆಡ್ಡೆಯ ಹಿಟ್ಟಿನ ಜೊತೆ ಕೈಬಿಡದೆ ಕಾಯಿಸಿ, ನಮ್ಮ ಹಾಲುಬಾಯಿಯ ಹಾಗೆ ಹೊಯ್ದು ಆರಿಸುತ್ತಾರೆ. ಸಿಹಿ ಇರುವುದಿಲ್ಲ, ಅಷ್ಟೇ. ಅಮ್ಮ ಆ ದಿನ ಪೂರ್ತಿ ಅದರ ಮಾತೇ ಆಡುತ್ತಿದ್ದರು.

ಇನ್ನು ನಗರದ ಮಧ್ಯ ಅಂದರೆ ಗಲಾಟೆ ಅಲ್ವಾ ಅನ್ನುವ ಅನುಮಾನ. ಕ್ಯೋಟೋದ ಹಳೇ ಮನೆಗಳು ಬೀದಿಯ ಕಡೆಗೆ ಕಿರಿದು, ಒಳಕ್ಕೆ ಬಹಳ ಉದ್ದ. ನಡುವೆ ಒಂದು ಪುಟ್ಟ ತೋಟ ಬಿಟ್ಟಿರುತ್ತಾರೆ. ಪಾಚಿ, ಒಂದು ಕಲ್ಲಿನ ದೀಪ, ಒಂದೆರಡು ಗಿಡ. ಒಳಮನೆಗೆ ಬೆಳಕು, ಗಾಳಿ ಬರುವುದು ಅಲ್ಲಿಂದಲೇ. ಹಳೇ ರಿಯೋಕಾನ್‌ಗಳ ಒಳರೂಮುಗಳು ಈ ತೋಟದ ಕಡೆಗೆ ತೆರೆದಿರುತ್ತವೆ. ಬಸ್ಸು ಓಡುವ ರಸ್ತೆ ಪಕ್ಕದಲ್ಲೇ ಇದ್ದರೂ ಸದ್ದು ಅಲ್ಲಿಯವರೆಗೆ ಮುಟ್ಟುವುದಿಲ್ಲ. ಕಾಡಿನ ನಡುವೆ ನಿಶ್ಶಬ್ದ ಸಿಗುವುದು ದೊಡ್ಡದಲ್ಲ. ಪೇಟೆಯ ನಡುವೆ ಅದನ್ನು ಕಟ್ಟಿಕೊಂಡಿದ್ದಾರಲ್ಲ, ನನಗೆ ಅದೇ ಬಹಳ ಹಿಡಿಸಿದ್ದು. ಇದನ್ನು ನೋಡಲು ಬೆಟ್ಟಕ್ಕೆ ಹೋಗಿ ಪ್ರಯೋಜನ ಇಲ್ಲ, ಊರೊಳಗೇ ಉಳಿಯಬೇಕು.

ನಗರದ ಮಧ್ಯದ ನಕಾಗ್ಯೋ ವಾರ್ಡಿನ ಫುಯಾಚೊ ಬೀದಿಯಲ್ಲಿ 1818ರಲ್ಲಿ ಶುರುವಾದ ಹೀರಾಗಿಯಾ ರಿಯೋಕಾನ್ ಇದೆ, ಚಾರ್ಲಿ ಚಾಪ್ಲಿನ್ ಉಳಿದಿದ್ದ ಜಾಗ. ಅದರ ಎದುರಿಗೇ 300 ವರ್ಷಕ್ಕೂ ಹಳೆಯದಾದ ತವರಾಯಾ. ಎರಡೂ ಬಹಳ ದುಬಾರಿ. ಇವೇ ಆಗಬೇಕಿಲ್ಲ, ಸುತ್ತಲಿನ ಬೀದಿಗಳಲ್ಲಿ ಕೈಗೆಟಕುವ ಸಣ್ಣ ರಿಯೋಕಾನ್‌ಗಳೂ ಇವೆ.

ಸ್ನಾನದ ನೀರು ಇಲ್ಲಿ ಹೆಚ್ಚಿನ ಕಡೆ ಕಾಯಿಸಿದ ಸಾಮಾನ್ಯ ನೀರೇ, ಬುಗ್ಗೆಯದಲ್ಲ. ಆದರೆ ಸಣ್ಣ ರಿಯೋಕಾನ್‌ಗಳಲ್ಲಿ ಒಂದು ಅನುಕೂಲ ಇದೆ. ಎಷ್ಟೋ ಕಡೆ ಎಲ್ಲರೂ ಬಳಸುವ ಸ್ನಾನದ ಕೋಣೆಗೆ ಒಂದು ಮನೆಯವರು ಹೋದರೆ ಒಳಗಿಂದ ಚಿಲಕ ಹಾಕಿಕೊಳ್ಳಬಹುದು. ಬೇರೆಯವರ ಎದುರು ಬಟ್ಟೆ ಬಿಚ್ಚುವ ಸಂಕೋಚ ಅಪ್ಪ-ಅಮ್ಮನಿಗೆ ಇರುವುದಿಲ್ಲ. ಸೋಪು ಹಚ್ಚಿ ತೊಳೆದುಕೊಳ್ಳುವುದೆಲ್ಲ ಹೊರಗೆ, ತೊಟ್ಟಿಗೆ ಇಳಿಯುವುದು ಸುಮ್ಮನೆ ಕೂರಲು ಮಾತ್ರ. ನೀರು ಖಾಲಿ ಮಾಡಬಾರದು, ಮುಂದಿನವರಿಗೂ ಅದೇ. ನೀರು 40 ಡಿಗ್ರಿಗಿಂತ ಜಾಸ್ತಿ ಬಿಸಿ ಇರುತ್ತದೆ. ಬಿಪಿ ಇದ್ದವರು ಸ್ವಲ್ಪ ಹೊತ್ತಿನಲ್ಲೇ ಎದ್ದು ಬರಲಿ.

ಅಪ್ಪ-ಅಮ್ಮನಿಗೆ ನಿಜವಾಗಿ ಯೋಚಿಸಬೇಕಾದದ್ದು ಮಂಡಿ. ತಾತಾಮಿ ಚಾಪೆಯ ಮೇಲೆ ಹಾಸಿಗೆ, ಕೂರುವುದೂ ನೆಲದ ಮೇಲೆ. ನಮ್ಮವರಿಗೆ ಕೂರುವುದು ಕಷ್ಟವಲ್ಲ, ಏಳುವುದು ಕಷ್ಟ. ತಾತಾಮಿ ರೂಮಿನಲ್ಲೇ ಮಂಚ ಹಾಕಿರುವ ಕಡೆಗಳೂ ಈಗ ಇವೆ, ಅಂಥದ್ದನ್ನು ಹುಡುಕಿ. ಹಳೇ ಮರದ ಮನೆಗಳಲ್ಲಿ ಮೆಟ್ಟಿಲು ಕಡಿದಾಗಿರುತ್ತದೆ, ಲಿಫ್ಟ್ ಇರುವುದಿಲ್ಲ. ಕಡಿಮೆ ಬಾಡಿಗೆಯ ಕಡೆ ಟಾಯ್ಲೆಟ್ ರೂಮಿನ ಹೊರಗಿರಬಹುದು.

ಚಪ್ಪಲಿ ಬಾಗಿಲಲ್ಲೇ ಬಿಡುವುದು ನಮಗೆ ಹೊಸದಲ್ಲ. ಟಾಯ್ಲೆಟ್ಟಿಗೆ ಬೇರೆ ಸ್ಲಿಪ್ಪರ್ ಇರುತ್ತದೆ. ಕೊಡುವ ಯುಕಾತಾ ನಿಲುವಂಗಿಯ ಎಡಭಾಗ ಮೇಲೆ ಬರಬೇಕು. ಬಲಭಾಗ ಮೇಲೆ ಬರುವಂತೆ ಉಡಿಸುವುದು ಶವಕ್ಕೆ, ಇದನ್ನು ಅಮ್ಮನಿಗೆ ಮೊದಲೇ ಹೇಳಿ. ದೊಡ್ಡ ಸೂಟ್‌ಕೇಸ್‌ಗಳನ್ನು ತಾತಾಮಿಯ ಮೇಲೆ ಉರುಳಿಸುವ ಹಾಗಿಲ್ಲ. ಅವನ್ನು ತಕ್ಕ್ಯೂಬಿನ್ ಕೊರಿಯರ್‌ನಲ್ಲಿ ಮುಂದಿನ ಹೋಟೆಲಿಗೆ ಕಳಿಸಿ, ಒಂದು ಕೈಚೀಲ ಹಿಡಿದು ಹೋಗಿ.

ಒಂದೇ ರಾತ್ರಿ ಸಾಕು, ಆದರೆ ಆ ಸಂಜೆ ಬೇರೆ ಏನೂ ಇಟ್ಟುಕೊಳ್ಳಬೇಡಿ. ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ ಒಳಗೆ ಬಿಡುತ್ತಾರೆ, ಬೆಳಿಗ್ಗೆ 10ಕ್ಕೆ ಖಾಲಿ ಮಾಡಬೇಕು. ಊರೆಲ್ಲ ಸುತ್ತಿ ರಾತ್ರಿ ಒಂಬತ್ತಕ್ಕೆ ಬಂದು ಮಲಗುವುದಾದರೆ ಮಾಮೂಲಿ ಹೋಟೆಲೇ ಲೇಸು. ಟಿಪ್ಸ್ ಕೊಡಬೇಕಿಲ್ಲ. ಕ್ಯೋಟೋದ ವಾಸ್ತವ್ಯ ತೆರಿಗೆ ಮಾತ್ರ 2026ರ ಮಾರ್ಚ್‌ನಿಂದ ಏರಿದೆ. ಬಾಡಿಗೆ ನೋಡಿಕೊಂಡು ತಲೆಗೆ, ಒಂದು ರಾತ್ರಿಗೆ 200ರಿಂದ 10,000 ಯೆನ್‌ವರೆಗೆ.

ದುಡ್ಡು ಕಟ್ಟುವ ಮುಂಚೆ ಅವರಿಗೆ ಒಂದು ಮೇಲ್ ಬರೆಯಿರಿ. ಕೆಳಗಿನ ರೂಮು ಸಿಗುತ್ತದಾ, ಕುರ್ಚಿ ಅಥವಾ ಮಂಚ ಇದೆಯಾ, ಟಾಯ್ಲೆಟ್ ರೂಮಿನೊಳಗೇ ಇದೆಯಾ, ಸ್ನಾನಕ್ಕೆ ಚಿಲಕ ಹಾಕಿಕೊಳ್ಳಬಹುದಾ ಎಂದು ಕೇಳಿ. ಬೆಳಗಿನ ತಿಂಡಿ ಅಲ್ಲೇ ಬೇಕಿದ್ದರೆ 'ಬೊನಿಟೊ ದಾಶಿ ಬೇಡ, ಕೊಂಬು ದಾಶಿ ಆಗಬಹುದು' ಎಂದು ಅದೇ ಮಾತಿನಲ್ಲಿ ಬರೆಯಿರಿ. ಆಗುವುದಿಲ್ಲ ಅಂದರೆ ಆ ತಿಂಡಿಯನ್ನೂ ಬಿಟ್ಟು ಬರೀ ರೂಮು ತೆಗೆದುಕೊಳ್ಳಿ.