ಎರಡನೇ ಬೆಳಿಗ್ಗೆ ಫ್ರಿಜ್ ನಿಲ್ಲುತ್ತದೆ

ಪ್ರಶ್ನೆ: ಸರ್, ನಾವು ಕುಂದಾಪುರದವರು, ಈಗ ಆಕ್ಲೆಂಡಿನಲ್ಲಿದ್ದೇವೆ. 32 ಅಡಿಯ ಹಳೆಯ ಹಾಯಿದೋಣಿ ಕೊಂಡಿದ್ದೇವೆ. ವೈಹೆಕೆ ದ್ವೀಪದ ಹತ್ತಿರ ಲಂಗರು ಹಾಕಿ ಎರಡು ರಾತ್ರಿ ಉಳಿದರೆ, ಎರಡನೇ ಬೆಳಿಗ್ಗೆ ಫ್ರಿಜ್ ನಿಂತಿರುತ್ತದೆ. ಹೋದ ಸಲ ದೋಸೆ ಹಿಟ್ಟು ಹುಳಿದು ಉಕ್ಕಿತು. 100 ಆಂಪಿಯರ್-ಅವರ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ, 100 ವಾಟ್‌ನ ಒಂದು ಸೋಲಾರ್ ಪ್ಯಾನೆಲ್ ಇದೆ. ಮೂರನೇ ಬ್ಯಾಟರಿ ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಬಾವಿಯಲ್ಲಿ ನೀರಿಲ್ಲದಾಗ ತೊಟ್ಟಿ ದೊಡ್ಡದು ಮಾಡಿಸಿ ಏನು ಬಂತು?

ಲೆಕ್ಕ ಹಾಕೋಣ. 12 ವೋಲ್ಟ್‌ನ ಫ್ರಿಜ್ ಓಡುವಾಗ ಸುಮಾರು 5 ಆಂಪಿಯರ್ ಎಳೆಯುತ್ತದೆ. ದಿನದಲ್ಲಿ ಅರ್ಧ ಹೊತ್ತು ಓಡಿದರೆ 60 ಆಂಪಿಯರ್-ಅವರ್. ದೀಪ, ನೀರಿನ ಪಂಪು, ಫೋನು ಸೇರಿ ಇನ್ನೊಂದು 15 ಇಟ್ಟುಕೊಳ್ಳಿ, ದಿನಕ್ಕೆ ಒಟ್ಟು 75. ಲೆಡ್ ಆಸಿಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ನಿಮ್ಮ 200ರಲ್ಲಿ ಕೈಗೆ ಸಿಗುವುದು 100, ಅದೂ ಪೂರ್ತಿ ಚಾರ್ಜ್ ಆಗಿದ್ದರೆ. ಒಂದು ಗಂಟೆ ಎಂಜಿನ್ ಓಡಿಸಿದರೆ ತುಂಬುವುದಿಲ್ಲ. ಕೊನೆಯ ಐದರಲ್ಲೊಂದು ಪಾಲು ಬಹಳ ನಿಧಾನ. ಪ್ಯಾನೆಲ್ ಒಳ್ಳೆಯ ಬಿಸಿಲಿಗೆ ದಿನಕ್ಕೆ 25-30 ಕೊಟ್ಟೀತು. ಬೂಮಿನ, ಅಂದರೆ ಹಾಯಿಯ ಕೆಳ ಅಂಚಿನ ಅಡ್ಡ ಕೋಲಿನ, ನೆರಳು ಅದರ ಮೇಲೆ ಬಿದ್ದರೆ ಅದೂ ಇಲ್ಲ. ಲಂಗರು ಹಾಕಿದ ಮೇಲೆ ಬೂಮನ್ನು ಪಕ್ಕಕ್ಕೆಳೆದು ಕಟ್ಟಿ, ಖರ್ಚಿಲ್ಲದ ಕೆಲಸ.

ಇನ್ನು ಫ್ರಿಜ್ ಪೆಟ್ಟಿಗೆ. ಮಲ್ಪೆಯ ಬೋಟುಗಳು ದಿನಗಟ್ಟಲೆ ಮೀನು ಕೆಡದಂತೆ ತರುವುದು ಐಸು ಮತ್ತು ದಪ್ಪ ಗೋಡೆಯ ಬಲದಿಂದ, ನೀವು ನೋಡಿರುತ್ತೀರಿ. ನಿಮ್ಮ ಪೆಟ್ಟಿಗೆಯ ಹೊರಗೋಡೆಗೆ ಬೆಳಿಗ್ಗೆ ಅಂಗೈ ಇಡಿ. ತಣ್ಣಗಿದ್ದರೆ, ಬೆವರಿದ್ದರೆ, ಒಳಗಿನ ಫೋಮ್ ತೆಳುವಾಗಿದೆ ಅಥವಾ ನೀರು ಕುಡಿದಿದೆ. ನಾಲ್ಕು ಇಂಚು ಫೋಮ್ ಕೂರಿಸಿ. ಮುಚ್ಚಳಕ್ಕೆ ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಬದಲಿಸಿ.

ಇದಕ್ಕೂ ಮೊದಲು ಮಲ್ಟಿಮೀಟರ್ ಹಿಡಿದು, ಫ್ರಿಜ್ ಓಡುವಾಗಲೇ ಬ್ಯಾಟರಿಯಲ್ಲಿ ಒಮ್ಮೆ, ಕಂಪ್ರೆಸರ್ ತುದಿಯಲ್ಲಿ ಒಮ್ಮೆ ವೋಲ್ಟೇಜ್ ನೋಡಿ. ಹಿಂದೆ ಒಬ್ಬರ ದೋಣಿಯಲ್ಲಿ ಹೀಗೆ ನೋಡಿದಾಗ ಬ್ಯಾಟರಿಯಲ್ಲಿ 12.3, ಕಂಪ್ರೆಸರ್ ತುದಿಯಲ್ಲಿ 11.2. ವೋಲ್ಟೇಜ್ ಕುಸಿದರೆ ಕಂಪ್ರೆಸರ್ ತಾನಾಗಿ ನಿಲ್ಲುತ್ತದೆ. ಅವರಲ್ಲಿ ಕಾರಣ, ಹಸಿರು ಕಿಲುಬು ಹಿಡಿದ ಒಂದೇ ಒಂದು ಲಗ್, ಅಂದರೆ ತಂತಿಯ ತುದಿಯ ಲೋಹದ ಕೊಂಡಿ. ಅಷ್ಟರಲ್ಲಿ ಅವರು ಮೂರನೇ ಬ್ಯಾಟರಿ ಹಾಕಿಸಿಯಾಗಿತ್ತು, ಹಾಕಿಕೊಟ್ಟವನು ನಾನೇ!

ಇಷ್ಟಾದ ಮೇಲೂ ಸಾಲದಿದ್ದರೆ ಎರಡನೇ ಪ್ಯಾನೆಲ್ ಹಾಕಿಸಿ. ಹೊರಡುವ ಹಿಂದಿನ ರಾತ್ರಿ ಮರೀನಾದ (ದೋಣಿ ನಿಲ್ಲಿಸುವ ಕಟ್ಟೆಯ) ಕರೆಂಟಿನಲ್ಲೇ ಬ್ಯಾಟರಿ ತುಂಬಿಸಿ, ಫ್ರಿಜ್ ತಣಿಸಿ, ನೀರಿನ ಬಾಟಲಿ ಗಟ್ಟಿ ಮಾಡಿಕೊಂಡು ಅದರಲ್ಲಿಡಿ. ಹಿಟ್ಟನ್ನು ಮನೆಯಲ್ಲೇ ತಣ್ಣಗಾಗಿಸಿ ಪೆಟ್ಟಿಗೆಯ ತಳಕ್ಕಿಡಿ. ಡಬ್ಬಿಯಲ್ಲಿ ಅರ್ಧ ಖಾಲಿ ಬಿಡಿ, ದೋಣಿ ವಾಲುತ್ತದೆ.